ಭಾವನವರ ಸೀಟು

ನನ್ನ ಅಕ್ಕ ದಾನೇಶ್ವರಿ ಹೋದ ವರ್ಷ ಕಾರ್ತಿಕದಲ್ಲಿ ತೀರಿಕೊಂಡಳು. ಅವಳ ಮಾತು ಬಂದಾಗಲೆಲ್ಲ ಜನ ಹೇಳುವುದು ಒಂದೇ: 'ಭಾಳ ಸಮಾಧಾನದ ಹೆಣ್ಮಗಳು.' ಇದನ್ನು ಕೇಳಿದರೆ ನನಗೆ ಮೈ ಉರಿಯುತ್ತದೆ. ಸಮಾಧಾನವನ್ನು ಅವಳೇನು ಹುಟ್ಟುತ್ತಲೇ ತಂದಿರಲಿಲ್ಲ. ಅಪ್ಪ ಗಿರಣಿಯಲ್ಲಿದ್ದಾಗ ಗೋಕಾಕ ಫಾಲ್ಸಿನ ನಮ್ಮ ಮನೆಯಲ್ಲಿ ನನ್ನ ಜಡೆ ಹಿಡಿದು ಜಗಳಾಡಿದವಳು ಅವಳೇ. ಮದುವೆಯಾಗಿ ಮೂಡಲಗಿಗೆ ಹೋದ ಮೇಲೆ ನೋವು ನುಂಗುವುದನ್ನು ಕಲಿತಳು. ಕೊನೆಕೊನೆಗೆ ಆ ವಿದ್ಯೆಯಲ್ಲಿ ಅವಳನ್ನು ಮೀರಿಸುವವರೇ ಇರಲಿಲ್ಲ.

ಮೂಡಲಗಿಯ ಮನೆ ಕೆಟ್ಟದ್ದೇನೂ ಅಲ್ಲ. ಸೋಮಶೇಖರ ಮಾಮಾ, ಅಂದರೆ ಅಕ್ಕನ ಗಂಡ, ಮತ್ತು ಅವನ ಅಣ್ಣ ಶಿವಕುಮಾರ ಸೇರಿ ಗೊಂಜಾಳದ, ಅಂದರೆ ಮೆಕ್ಕೆಜೋಳದ, ವ್ಯಾಪಾರ ಮಾಡುತ್ತಾರೆ. ತಂದೆ ಸತ್ತಾಗ ಮಾಮಾ ಇನ್ನೂ ಸಾಲಿ ಹುಡುಗ. ಅಣ್ಣ ತಾನು ಮದುವೆಯಾಗದೆ ಅವನನ್ನು ಬೆಳೆಸಿದರು. ಅಕ್ಕನಿಗೆ ಅವರು ಭಾವ. ಅವಳ ಬಾಯಿಂದ ಕೇಳಿ ಕೇಳಿ ನಮ್ಮ ತವರಿನವರೂ ಅವರನ್ನು ಭಾವನವರು ಎಂದೇ ಕರೆಯುತ್ತಿದ್ದೆವು. ಎತ್ತರದ ಆಳು, ತಲೆಗೆ ಬಿಳಿ ರುಮಾಲು, ಮಾತು ಕಡಿಮೆ. ಅವರೆದುರಿಗೆ ಅಕ್ಕ ಒಂದು ದಿನವೂ ಕುರ್ಚಿಯ ಮೇಲೆ ಕುಳಿತವಳಲ್ಲ, ತಲೆಯ ಮೇಲಿನ ಸೆರಗು ಜಾರಿಸಿದವಳಲ್ಲ. ಅವರೊಂದಿಗೆ ನೇರವಾಗಿ ಮಾತೂ ಇಲ್ಲ. ಏನಾದರೂ ಹೇಳುವುದಿದ್ದರೆ ಗಂಡನ ಕಡೆ ತಿರುಗಿ ಹೇಳುತ್ತಿದ್ದಳು, ಅವರು ಕೇಳಿಸಿಕೊಳ್ಳುತ್ತಿದ್ದರು. ಅವರೂ ಅಷ್ಟೇ, ತಮ್ಮನ ಹೆಂಡತಿಯ ಮುಖವನ್ನು ನೆಟ್ಟಗೆ ನೋಡಿದವರಲ್ಲ. ಇದರಲ್ಲಿ ದರ್ಪ ಇರಲಿಲ್ಲ. ಆ ಮನೆಯಲ್ಲಿ ಪ್ರೀತಿಯನ್ನೂ ಹೀಗೆಯೇ ತೋರಿಸುತ್ತಿದ್ದರು.

ಅಕ್ಕನ ಎರಡೂ ಮೂತ್ರಪಿಂಡ ಕೆಟ್ಟಾಗ ವಾರಕ್ಕೆ ಎರಡು ಸಲ ಗೋಕಾಕಕ್ಕೆ ಬಂದು ಡಯಾಲಿಸಿಸ್ ಮಾಡಿಸಿಕೊಳ್ಳಬೇಕಾಯಿತು. ಅಂಗಡಿಯ ಹಳೆಯ ಜೀಪಿನಲ್ಲಿ ಒಂದು ತಾಸಿಗೂ ಮೇಲಿನ ದಾರಿ. ಮಷಿನ್‌ನಿಂದ ಎದ್ದ ಮೇಲೆ ಅವಳಿಗೆ ಬಿ.ಪಿ. ಇಳಿಯುತ್ತಿತ್ತು, ಕಾಲಿನ ನರ ಸೆಟೆದುಕೊಳ್ಳುತ್ತಿದ್ದವು, ಹೊಟ್ಟೆ ತೊಳಸುತ್ತಿತ್ತು. ಕಾಲು ಚಾಚಿ ಒರಗಿಕೊಂಡು ಬರುವಂಥ ಗಾಡಿ ಬೇಕು ಎಂದು ಮೊದಲು ಹೇಳಿದವರು ಭಾವನವರೇ. 'ದಾನವ್ವನ ಸಲುವಾಗಿ ತಗೊಳ್ಳೂದು. ಆಕಿಗೆ ಆರಾಮ ಆಗೂವಂಥಾದ್ದ ನೋಡೂನು' ಎಂದರು.

ಅಣ್ಣತಮ್ಮ ಇಬ್ಬರೂ ಮೂರು ಸಣ್ಣ ಎಸ್‌ಯುವಿಗಳನ್ನು ಆರಿಸಿಕೊಂಡರು. ನಾನು ಗೋಕಾಕದಲ್ಲೇ ಇರುವವಳು, ಅಕ್ಕನ ಜೊತೆಗಿರಲೆಂದು ಎಲ್ಲ ಕಡೆಗೂ ಹೋದೆ. ಮೊದಲನೆಯದನ್ನು ಹತ್ತರಗಿಯ ಹತ್ತಿರ ಹೆದ್ದಾರಿಗೆ ಒಯ್ದು ಓಡಿಸಿದರು. ವೇಗದಲ್ಲಿ ಅಲುಗದೆ ನೆಲಕ್ಕೆ ಕಚ್ಚಿಕೊಂಡು ಹೋಗುತ್ತಿತ್ತಂತೆ, ಆದರೆ ಊರೊಳಗೆ ಬಂದರೆ ಒಂದೊಂದು ತೆಗ್ಗೂ ಬೆನ್ನಿಗೆ ಬಡಿಯುತ್ತಿತ್ತಂತೆ. ಎರಡನೆಯದು ಹುಕ್ಕೇರಿಯ ಬೀಗರಾದ ಅಶೋಕ ಅವರ ಹತ್ತಿರವೇ ಇತ್ತು, ಅದನ್ನೇ ಇಸಿದುಕೊಂಡು ಓಡಿಸಿ ನೋಡಿದರು. ಸ್ಟೇರಿಂಗ್ ಹೂವಿನಷ್ಟು ಹಗುರ, ಹಂಪು ಹಾರಿದ್ದೇ ಗೊತ್ತಾಗುತ್ತಿರಲಿಲ್ಲ. ಆದರೆ ತಿರುವಿನಲ್ಲಿ ಮೈ ವಾಲಿಸುತ್ತಿತ್ತು. 'ಆಕಿಗೆ ಮೊದಲ ವಾಂತಿ, ಇದರಾಗ ತೂಗಿದ್ರ ಮುಗೀತು' ಎಂದು ಅದನ್ನೂ ಬಿಟ್ಟರು. ಮೂರನೆಯದು ಎರಡರ ನಡುವಿನದು, ಮುಂದಿನ ಸೀಟು ಅಗಲ, ತೊಡೆಯ ತನಕ ಆಸರೆ, ಹಿಂದಕ್ಕೆ ಒರಗಿಸಿದರೆ ಅರ್ಧ ಮಂಚದಷ್ಟು ಚಾಚುತ್ತಿತ್ತು. ಇದೇ ಆಗಲಿ ಎಂದರು.

ಆ ಶೋರೂಮಿನ ಹುಡುಗ ಸ್ವಪ್ನಿಲ್ ಅಕ್ಕನಿಗೆ ಖಾನೆಗಳನ್ನು ತೋರಿಸಿದ್ದು ನನಗೆ ಮರೆಯಲಾಗುವುದಿಲ್ಲ. 'ನಾಕೂ ಬಾಗಲದಾಗ ಲೀಟರ್ ಬಾಟ್ಲಿ ಕುಂಡ್ರತಾವ್ರಿ ಮೇಡಂ. ಈ ಮುಂದಿನ ಖಾನೇದಾಗ ಇಟ್ರ ನೀರ ತಣ್ಣಗ ಇರತಾವ್ರಿ.' ಇಡೀ ದಿನಕ್ಕೆ ಎರಡು ಲೋಟಕ್ಕಿಂತ ಹೆಚ್ಚು ನೀರು ಕುಡಿಯಬಾರದೆಂದು ಡಾಕ್ಟರರು ಅವಳಿಗೆ ಕಟ್ಟುಮಾಡಿದ್ದರು. ಬಾಯಿ ಒಣಗಿ ಮಾತು ತೊದಲುತ್ತಿದ್ದ ದಿನಗಳವು. ಅಕ್ಕ ಆ ಖಾನೆಯೊಳಗೆ ಕೈಯಿಟ್ಟು, 'ಛಲೋ ಆತ ಬಿಡಪಾ' ಎಂದಳು. ನನಗೆ ಆ ಹುಡುಗನ ಕಪಾಳಕ್ಕೆ ಎರಡು ಬಿಗಿಯಬೇಕೆನ್ನಿಸಿತು. ಪಾಪ, ಅವನಿಗೇನು ಗೊತ್ತು.

ಇಷ್ಟೆಲ್ಲ ನೋಡಿದವರು ಒಂದನ್ನು ಮಾತ್ರ ನೋಡಲಿಲ್ಲ. ಓಡಿಸಿ ನೋಡುವಾಗಲೆಲ್ಲ ಮಾಮಾ ಸ್ಟೇರಿಂಗ್ ಹಿಡಿಯುತ್ತಿದ್ದ, ಭಾವನವರು ಅವನ ಪಕ್ಕ ಕೂರುತ್ತಿದ್ದರು, ಹಿಂದೆ ಶೋರೂಮಿನವನೋ ಬೀಗರೋ ಇರುತ್ತಿದ್ದರು. ಪರ ಗಂಡಸಿನ ಪಕ್ಕ ಹೆಂಗಸನ್ನು ಹೇಗೆ ಕೂಡಿಸುವುದು? ನಮ್ಮಿಬ್ಬರನ್ನು ಚಹಾ ಕೊಟ್ಟು ಒಳಗೆ ಕೂಡಿಸುತ್ತಿದ್ದರು. ಹಿಂದಿನ ಸೀಟನ್ನು ಇಬ್ಬರೂ ಬಾಗಿಲು ತೆಗೆದು, ಗೊಂಜಾಳದ ಚೀಲ ಪರೀಕ್ಷಿಸುವ ಹಾಗೆ ಅಂಗೈಯಿಂದ ಒತ್ತಿ ನೋಡಿದರು, ಅಷ್ಟೆ. ಮುಂದೆ ದೊಡ್ಡವರು, ಹಿಂದೆ ಹೆಂಗಸರು ಎಂಬುದು ಯಾರೂ ಹೇಳಿಕೊಡದೆ ನಡೆದುಬಂದದ್ದು. ಯಾರ ಸಲುವಾಗಿ ಗಾಡಿ ತಗೊಂಡರೋ ಅವಳು ಹಿಂದೆ ಕೂರುವವಳು ಎಂಬುದು ಆ ಇಬ್ಬರು ವ್ಯಾಪಾರಸ್ಥರ ತಲೆಗೆ ಹೊಳೆಯಲೇ ಇಲ್ಲ.

ಗಾಡಿ ಬಂದ ಮೇಲೆ ಭಾವನವರು ಒಂದು ಸಲವೂ ದವಾಖಾನೆ ತಪ್ಪಿಸಲಿಲ್ಲ. ಅಂಗಡಿಯನ್ನು ಆಳಿನ ಮೇಲೆ ಬಿಟ್ಟು, ಅಕ್ಕನ ಫೈಲನ್ನು ತೊಡೆಯ ಮೇಲಿಟ್ಟುಕೊಂಡು ಮುಂದೆ ಕೂತು ಬರುತ್ತಿದ್ದರು. 'ಹೆಂಗ ಐತಿ ಗಾಡಿ?' ಎಂದು ಮಾಮಾ ಕೇಳಿದರೆ ಅಕ್ಕ, 'ಆರಾಮ ಐತ್ರಿ' ಎನ್ನುತ್ತಿದ್ದಳು. ಮಾಮಾ ಅದನ್ನೇ ಊರೆಲ್ಲ ಹೇಳಿಕೊಂಡು ಬಂದ.

ಎರಡು ತಿಂಗಳು ಹೀಗೇ ನಡೆಯಿತು. ಒಂದು ದಿನ ಭಾವನವರು ಬೀಗರ ಮನೆಯ ನಿಶ್ಚಯ ಕಾರ್ಯಕ್ಕೆಂದು ಹುಕ್ಕೇರಿಗೆ ಹೋಗಬೇಕಾಯಿತು. ಅಕ್ಕನಿಗೆ ಅವತ್ತು ತುಂಬ ಸುಸ್ತು. ಡಯಾಲಿಸಿಸ್ ಮುಗಿದ ಮೇಲೆ ಅವಳನ್ನು ಮೂಡಲಗಿಗೆ ಮುಟ್ಟಿಸಿ ಬರೋಣವೆಂದು ನಾನೂ ಹೊರಟೆ. ಮುಂದಿನ ಬಾಗಿಲು ತೆಗೆದು, 'ಇಲ್ಲಿ ಕುಂಡ್ರ ಬಾ' ಎಂದೆ.

'ಅದು ಭಾವಾರ ಕುಂಡ್ರೂ ಜಾಗಾ' ಎಂದು ಹಿಂದೆ ಹೋಗಿ ಕೂತಳು.

ನಾನೂ ಹಿಂದೆ ಕೂತೆ. ಕೂತ ಮೇಲೆ ತಿಳಿಯಿತು. ಸೀಟು ತಗ್ಗು, ಬೆನ್ನಿನ ಕಡೆ ಗೋಡೆಯಷ್ಟು ನೆಟ್ಟಗೆ, ಮೊಣಕಾಲು ಎದೆಗೆ ಬರುತ್ತಿದ್ದವು. ಕಿಟಕಿ ಎತ್ತರ, ದಾರಿ ಕಾಣದೆ ನನಗೇ ತಲೆ ತಿರುಗಿತು. ಮುಂದಿನ ಸೀಟನ್ನು ಭಾವನವರ ಉದ್ದನೆಯ ಕಾಲಿಗೆಂದು ಪೂರ್ತಿ ಹಿಂದಕ್ಕೆ ಸರಿಸಿದ್ದರು, ಅವತ್ತು ಅವರಿಲ್ಲದಿದ್ದರೂ ಅದನ್ನು ಯಾರೂ ಮುಂದಕ್ಕೆ ದೂಡಿರಲಿಲ್ಲ. ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಗಾಡಿ ನಿಂತು ನಿಂತು ಸಾಗುತ್ತಿತ್ತು. ತೆಗ್ಗು ಬಂದಾಗಲೆಲ್ಲ ಅಕ್ಕ ಬಲಗೈಯನ್ನು ಸೀಟಿಗೆ ಊರಿ ಮೈಯನ್ನು ಎತ್ತಿ ಹಿಡಿಯುತ್ತಿದ್ದಳು. ಮೀನಖಂಡ ಸೆಟೆದು ಕಣ್ಣಲ್ಲಿ ನೀರು ಬಂತು, ಬಾಯಿಂದ ಒಂದು ಸದ್ದೂ ಬರಲಿಲ್ಲ.

'ಗಾಡಿ ನಿಂದರಸ್ರಿ ಮಾಮಾ!' ಎಂದು ಕಿರುಚಿದೆ.

ಅವನು ಗಾಬರಿಯಾಗಿ ನಿಲ್ಲಿಸಿದ. 'ಏನಾತು? ಆರಾಮ ಐತಿ ಅಂತಿದ್ಲಲ್ಲ?'

'ಆಕಿ ಯಾವಾಗ ಆರಾಮ ಇಲ್ಲ ಅಂದಾಳ್ರಿ?'

ಮಾಮಾ ಮುಂದಿನ ಸೀಟು ಸರಿಸಿ, ರಸ್ತೆಯ ಪಕ್ಕದಲ್ಲೇ ಕೂತು ಅವಳ ಕಾಲು ತಿಕ್ಕಿದ. ಅವನ ಮುಖ ನೋಡಲಾಗುತ್ತಿರಲಿಲ್ಲ. ಅಣ್ಣನಿಗೆ ಹಿಂದೆ ಕೂರಿ ಎನ್ನುವ ಬಾಯಿ ಅವನಿಗೆ ಜನ್ಮದಲ್ಲಿ ಬರುವಂತಿರಲಿಲ್ಲ, ಆದರೂ 'ಅಣ್ಣಗ ಹೇಳತೇನಿ' ಎಂದ. ಅಕ್ಕ ಅವನ ಕೈ ಹಿಡಿದುಕೊಂಡಳು.

'ಹೇಳಬ್ಯಾಡ್ರಿ. ಹೇಳಿದ್ರ ಅವರು ತಮ್ಮಿಂದ ನನಗ ತ್ರಾಸ ಅಂತ ಬರೂದ ಬಿಡತಾರ. ಮಷಿನ್ ಮ್ಯಾಲ ಮಲಗಿದಾಗ ಬಾಗಲದ ಕಾಜಿನ್ಯಾಗ ಅವರ ರುಮಾಲ ಕಾಣತೈತ್ರಿ. ಅದು ಕಂಡ್ರ ನನಗ ಧೈರ್ಯ. ಬೆನ್ನ ನೋಯ್ಲಿ ಬಿಡ್ರಿ.'

ನನಗೆ ಸಿಟ್ಟೂ ಬಂತು, ಅಳುವೂ ಬಂತು. ಆಮೇಲೆ ನನ್ನ ಕಡೆ ತಿರುಗಿ, 'ನೀನೂ ಹೇಳಬ್ಯಾಡ, ನೇತ್ರಾ' ಎಂದಳು. ನಾನು ಹೂಂ ಅನ್ನಲಿಲ್ಲ.

ಮುಂದಿನ ಸಲ ಅಕ್ಕ ಒಳಗೆ ಮಷಿನ್ ಮೇಲಿದ್ದಾಗ ದವಾಖಾನೆಯ ಬಾಕಿನ ಮೇಲೆ ಭಾವನವರ ಪಕ್ಕ ಹೋಗಿ ಕೂತೆ. ತವರಿನವಳು ಹಿರಿಯರಿಗೆ ಎದುರು ಮಾತಾಡಿದಳೆಂದು ಅನ್ನಿಸಿಕೊಂಡರೆ ಅನ್ನಿಸಿಕೊಳ್ಳುತ್ತೇನೆ ಎಂದು ಗಟ್ಟಿಮಾಡಿಕೊಂಡಿದ್ದೆ.

'ಭಾವಾರ, ಗಾಡಿ ತಗೊಳ್ಳೂ ಮುಂದ ಹಿಂದಿನ ಸೀಟಿನ್ಯಾಗ ಕುಂತ ನೋಡಿದ್ರೇನ್ರಿ?'

'ಒತ್ತಿ ನೋಡಿದ್ವಲ್ಲವಾ. ಮೆತ್ತಗ ಇತ್ತು.'

'ಒತ್ತಿ ನೋಡಾಕ ಅದೇನ ಚೀಲೇನ್ರಿ? ಒಮ್ಮೆ ಹೋಗಿ ಕುಂತ ನೋಡ್ರಿ.'

ಅವರು ಫೈಲನ್ನು ನನ್ನ ಕೈಗೆ ಕೊಟ್ಟು, ತಮ್ಮನಿಂದ ಚಾವಿ ಇಸಿದುಕೊಂಡು ಹೊರಗೆ ಹೋದರು. ಬೇವಿನ ಮರದ ಕೆಳಗೆ ನಿಂತಿದ್ದ ಗಾಡಿಯ ಹಿಂದಿನ ಬಾಗಿಲು ತೆಗೆದು, ರುಮಾಲು ತಾಗದಂತೆ ಬಗ್ಗಿ ಒಳಗೆ ಕೂತು, ಬಾಗಿಲು ಹಾಕಿಕೊಂಡರು. ಬೇಗ ಬರುತ್ತಾರೆ ಅಂದುಕೊಂಡೆ. ಬಹಳ ಹೊತ್ತು ಬರಲಿಲ್ಲ. ಬಂದಾಗ ಕಣ್ಣು ಕೆಂಪಾಗಿದ್ದವು.

'ಆಕಿ ಹೇಳಲಿಲ್ಲ ಖರೆ' ಎಂದರು. 'ನಾನರೆ ಹೊಳ್ಳಿ ನೋಡಬೇಕಿತ್ತಿಲ್ಲೋ? ಮರ್ಯಾದಿ ಮರ್ಯಾದಿ ಅಂತ ಒಂದ ದಿನಾನೂ ಹೊಳ್ಳಿ ನೋಡಲಿಲ್ಲ.'

'ಹಂಗಂತ ನೀವು ಬರೂದ ಬಿಡಬ್ಯಾಡ್ರಿ. ನಿಮ್ಮ ರುಮಾಲ ಕಂಡ್ರ ಆಕಿಗೆ ಧೈರ್ಯ ಅಂತ.'

ಅವರು ಫೈಲನ್ನು ತಿರುಗಿ ತೊಡೆಯ ಮೇಲೆ ಇಟ್ಟುಕೊಂಡರು.

ಅಕ್ಕನನ್ನು ಕೈಹಿಡಿದು ಕರೆತಂದಾಗ ಭಾವನವರು ಆಗಲೇ ಹಿಂದೆ ಕೂತಿದ್ದರು. ಮುಂದಿನ ಬಾಗಿಲು ತೆರೆದಿತ್ತು. ಅಕ್ಕ ಅಲ್ಲೇ ನಿಂತುಬಿಟ್ಟಳು, ಸೆರಗನ್ನು ಮುಂದಕ್ಕೆ ಎಳೆದುಕೊಂಡಳು. 'ನಾ ಹೆಂಗ ಕುಂಡ್ರಲ್ರಿ?' ಎಂದು ಗಂಡನನ್ನು ಕೇಳಿದಳು.

'ಮುಂದ ಕುಂಡ್ರವಾ, ದಾನವ್ವ' ಎಂದರು ಭಾವನವರು ಒಳಗಿನಿಂದ. 'ಗಾಡಿ ನಿನಗ ಅಂತ ತಂದದ್ದು. ನಾ ಬರೂದೇನ ಬಿಡೂದಿಲ್ಲ.'

ಅವಳು ನನ್ನ ಕಡೆ ಒಂದು ಸಲ ನೋಡಿದಳು. ಹೇಳಿದವಳು ನಾನೇ ಎಂದು ತಿಳಿಯಿತು. ಆಮೇಲೆ ಆ ಮನೆಗೆ ಬಂದಾಗಿನಿಂದ ಮಾಡದ ಕೆಲಸ ಮಾಡಿದಳು, ನೇರವಾಗಿ ಅವರಿಗೇ ಹೇಳಿದಳು. 'ಹಿಂದ ನಿಮಗ ಮೊಣಕಾಲ ನೋಯ್ತಾವ್ರಿ.'

'ನೋಯ್ಲಿ. ನಿನ್ವು ಇಷ್ಟ ದಿನಾ ನೊಂದಾವಲ್ಲ.'

ಅಕ್ಕ ಮುಂದೆ ಕೂತಳು. ಮಾಮಾ ಸೀಟನ್ನು ಹಿಂದಕ್ಕೆ ಒರಗಿಸಿದ. ನಾನು ಅವತ್ತೂ ಮೂಡಲಗಿಗೆ ಹೊರಟೆ, ನನಗೂ ಭಾವನವರಿಗೂ ನಡುವೆ ಅವಳ ಚೀಲ ಇಟ್ಟುಕೊಂಡೆ. ಗೋಕಾಕ ದಾಟುವುದರೊಳಗೆ ಅಕ್ಕನಿಗೆ ನಿದ್ದೆ ಹತ್ತಿತು. ಕಾಯಿಲೆ ಬಂದ ಮೇಲೆ ದಾರಿಯಲ್ಲಿ ಅವಳು ನಿದ್ದೆ ಮಾಡಿದ್ದು ಅದೇ ಮೊದಲು. ಬಾಯಿ ಸ್ವಲ್ಪ ತೆರೆದಿತ್ತು, ಸಣ್ಣದಾಗಿ ಗೊರಕೆ ಹೊಡೆಯುತ್ತಿದ್ದಳು. ಒಂದು ತಿರುವಿನಲ್ಲಿ ಅವಳ ಸೆರಗು ಜಾರಿ, ಉದುರಿ ಉದುರಿ ತೆಳ್ಳಗಾಗಿದ್ದ ಕೂದಲು, ಬರಿಯ ತಲೆ, ಹಿಂದಕ್ಕೆ ಒರಗಿದ ಸೀಟಿನ ಮೇಲೆ ಭಾವನವರ ಮೊಣಕಾಲಿನ ಹತ್ತಿರಕ್ಕೇ ಬಂತು.

ಮಾಮಾ ಹೌಹಾರಿ ಅವಳ ಭುಜಕ್ಕೆ ಕೈ ಹಾಕಲು ಹೋದ.

'ಎಬ್ಬಿಸಬ್ಯಾಡ' ಎಂದರು ಭಾವನವರು. 'ಸಾವಕಾಶ ನಡಿ.'

ಅಷ್ಟು ಹೇಳಿ ಅವರು ಮುಖವನ್ನು ಕಿಟಕಿಯ ಕಡೆ ತಿರುಗಿಸಿಕೊಂಡರು, ಮೂಡಲಗಿ ಬರುವ ತನಕ ಈ ಕಡೆ ನೋಡಲಿಲ್ಲ.