ಸೈಕಲ್ ಅಂಗಡಿಯ ಬೋರ್ಡಿನಲ್ಲಿ ಒಂದು ಕೈ

ನಮ್ಮ ಬೀದಿಯ ಸೈಕಲ್ ಅಂಗಡಿಯವನನ್ನು ಎಲ್ಲರೂ ಕಡ್ಡಿಯಣ್ಣ ಎನ್ನುತ್ತಾರೆ. ಚಕ್ರದ ಕಡ್ಡಿಗಳ ನಡುವೆ ಬದುಕಿ ಬದುಕಿ ಅವನೂ ಹಾಗೇ ಆಗಿಬಿಟ್ಟಿದ್ದಾನೆ, ಉದ್ದಕ್ಕೆ, ತೆಳ್ಳಗೆ. ಬೋರ್ಡ್ ಬರೆಯುವ ನನ್ನ ಕೋಣೆ ಅವನ ಅಂಗಡಿಗೆ ಎದುರು. ಹಾಗಾಗಿ ಅವನ ಸಂಗತಿ ನನಗೆ ಗೊತ್ತಿರುವಷ್ಟು ಬೇರೆಯವರಿಗೆ ಗೊತ್ತಿಲ್ಲ.

ಆ ಅಂಗಡಿಗೆ ಒಂದು ರೂಢಿ ಇತ್ತು. ಗಿರಾಕಿಗಳು ಸೈಕಲ್ಲಿನಿಂದ ಇಳಿಯುತ್ತಿರಲಿಲ್ಲ. ಒಂದು ಕಾಲು ನೆಲಕ್ಕೂರಿ ಬೀದಿಯಿಂದಲೇ ಎರಡು ಸಲ ಬೆಲ್ ಹೊಡೆದರೆ ಸಾಕು, ಕಡ್ಡಿಯಣ್ಣ ಕೈ ಒರೆಸಿಕೊಳ್ಳುತ್ತ ಹೊರಗೆ ಬರುತ್ತಿದ್ದ. ಒಳಗೆ ಅವನ ಬೆನ್ನ ಹಿಂದೆಯೇ ಒಂದು ಸ್ಟೂಲ್ ಹಾಕಿಕೊಂಡು ಅವನ ಹೆಂಡತಿ, ನಮ್ಮ ಅತ್ತಿಗೆ, ಕೂತಿರುತ್ತಿದ್ದರು. ಬೇರಿಂಗಿನ ಗುಂಡುಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು ಬಟ್ಟೆಯ ಮೇಲೆ ಹರಡುವುದು ಅವರ ಕೆಲಸ. ಮಕ್ಕಳಿಲ್ಲದ ಜೋಡಿ. ಮಾತು ಕಡಿಮೆ, ಆದರೆ ಒಬ್ಬರನ್ನು ಬಿಟ್ಟು ಒಬ್ಬರನ್ನು ಕಂಡವರಿಲ್ಲ.

ಹೋದ ಬೇಸಿಗೆಯಲ್ಲಿ ಅತ್ತಿಗೆ ತೀರಿಕೊಂಡರು. ಅಂದಿನಿಂದ ಬೆಲ್ ಹೊಡೆದರೂ ಕಡ್ಡಿಯಣ್ಣ ಹೊರಗೆ ಬರುವುದು ನಿಂತಿತು. ಪಾಪ, ದುಃಖದಲ್ಲಿದ್ದಾನೆ ಎಂದು ಜನ ಮೊದಮೊದಲು ಸುಮ್ಮನಿದ್ದರು. ಆಮೇಲೆ ಸೊಕ್ಕು ಎಂದರು. ಬೀದಿ ಮೂಲೆಯಲ್ಲಿ ಹೊಸ ಸೈಕಲ್ ಅಂಗಡಿ ಆಗಿತ್ತು, ಒಬ್ಬೊಬ್ಬರೇ ಅತ್ತ ತಿರುಗಿದರು. ಮೊದಲಿನಿಂದಲೂ ಇವನ ಗಿರಾಕಿಯಾಗಿದ್ದ ಹಾಲಿನವನೂ ಅಲ್ಲಿಗೇ ಹೋದ.

ಒಂದು ಬೆಳಿಗ್ಗೆ ಕಡ್ಡಿಯಣ್ಣ ಬೀದಿ ದಾಟಿ ನನ್ನ ಕೋಣೆಗೆ ಬಂದ.

"ಆ ಮೂಲೆ ಅಂಗಡಿಯವರು ಅದೇನೋ ಲೋಗೋ ಅಂತ ಹಾಕಿದಾರಲ್ಲ, ಅಂಥದ್ದು ನನಗೂ ಒಂದು ಬರೆದುಕೊಡಯ್ಯಾ. ನೋಡಿದವರು ಒಳಗೆ ಬರಬೇಕು."

"ಆಗಲೂ ಬರದಿದ್ರೆ?" ಎಂದೆ. ನನ್ನ ಮಾತು ಯಾವತ್ತೂ ಸ್ವಲ್ಪ ಜೋರೇ.

"ಬಾಗಿಲು ಹಾಕ್ತೀನಿ. ಹಾಕಿ ಎಲ್ಲಿಗೆ ಹೋಗ್ತೀಯ ಅಂತ ಮಾತ್ರ ಕೇಳಬೇಡ."

ನಾನು ಹುರುಪಿನಿಂದ ಕೂತೆ. ರಟ್ಟಿನ ಮೇಲೆ ಓಡುವ ಸೈಕಲ್ಲೊಂದನ್ನು ಬರೆದು ಒಯ್ದೆ. ಅವನು ನೋಡಿದವನೇ, "ಚೈನು ಎಡಗಡೆಗೆ ಯಾವ ಸೈಕಲ್ಲಿಗೆ ಇರುತ್ತೆ? ಇದನ್ನ ತುಳಿಯೋಕೆ ನೀನೇ ಬರಬೇಕು" ಎಂದ. ನುಂಗಿಕೊಂಡೆ. ವಾಪಸು ಬಂದು ಯೋಚಿಸಿದೆ. ಬೆಲ್ಲಿಗೆ ಹೆಸರಾದ ಅಂಗಡಿಗೆ ಬೆಲ್ಲೇ ಸರಿ ಅನ್ನಿಸಿತು. ದುಂಡನೆಯ ಬೆಲ್, ಬೆಳ್ಳಿಯ ಹೊಳಪು, ಸುತ್ತ ನಾದದ ಗೆರೆಗಳು. ಎದೆ ತಟ್ಟಿ ಹೇಳುತ್ತೇನೆ, ಅಂಥ ಕೆಲಸ ನಾನು ವರ್ಷಗಳಿಂದ ಮಾಡಿರಲಿಲ್ಲ.

ಅವನು ರಟ್ಟನ್ನು ತಿರುಗಿಸಿ ಮಗುಚಿ ಇಟ್ಟ. "ಬೆಲ್ ಬೇಡ."

"ಯಾಕಣ್ಣಾ ಬೇಡ? ಕಾರಣ ಹೇಳು!"

"ಬೇಡ ಅಂದ್ರೆ ಬೇಡ."

"ಹಾಗಾದ್ರೆ ನಿನ್ನ ತಲೇನೇ ಬರೆಸ್ಕೋ ಹೋಗು!" ಎಂದು ಹೊರಗೆ ಬಂದೆ. ಅರ್ಧ ಬೀದಿ ದಾಟಿದ ಮೇಲೆ ಪೆನ್ಸಿಲು ಅಲ್ಲೇ ಬಿಟ್ಟಿದ್ದು ನೆನಪಾಗಿ, ಮತ್ತೂ ಸಿಟ್ಟೇರಿ ತಿರುಗಿದೆ. ಬಾಗಿಲಲ್ಲಿ ಒಂದು ಹಳೇ ಸೈಕಲ್ ನಿಂತಿತ್ತು. ಒಳಗೆ ಹೋಗಲು ಮನಸ್ಸಿಲ್ಲದೆ ಅದರ ಬೆಲ್ಲನ್ನು ಬಾರಿಸಿದೆ. ಅವನು ಬೀದಿಗೆ ಬೆನ್ನು ಮಾಡಿ ಕುಕ್ಕರಗಾಲಲ್ಲಿ ಕೂತು ಚಕ್ರದ ಓರೆ ತೆಗೆಯುತ್ತಿದ್ದ. ತಿರುಗಲಿಲ್ಲ. ಕೈ ನೋಯುವಷ್ಟು ಬಾರಿಸಿದೆ. ಕತ್ತು ಸಹ ಅಲುಗಲಿಲ್ಲ. ಬೇಕೆಂದೇ ನನಗೆ ಹೀಗೆ ಮಾಡುತ್ತಾನೆಯೇ ಎಂದು ದಡದಡ ಒಳಗೆ ನುಗ್ಗಿ ಅವನ ಭುಜದ ಮೇಲೆ ಕೈ ಹಾಕಿದೆ.

"ಬಂದೆ ಇರೇ" ಎಂದ, ತಿರುಗದೆಯೇ, ಬಹಳ ಮೆತ್ತಗೆ.

ಆಮೇಲೆ ತಿರುಗಿ ನನ್ನನ್ನು ನೋಡಿದ. ನಾನು ಕೈ ತೆಗೆದೆ. ಸಿಟ್ಟು ಎಲ್ಲಿ ಹೋಯಿತೋ.

ಬೆಲ್ ಕೇಳಿಸುತ್ತಿದ್ದದ್ದು ಅತ್ತಿಗೆಗೆ. ಅವರು ಹಿಂದಿನಿಂದ ಭುಜ ಮುಟ್ಟುತ್ತಿದ್ದರು, ಇವನು ಏಳುತ್ತಿದ್ದ. ಎಷ್ಟು ವರ್ಷದಿಂದಲೋ, ಎದುರಿಗೇ ಇದ್ದ ನನಗೂ ತಿಳಿದಿರಲಿಲ್ಲ.

"ಕಿವಿ ಕೇಳಲ್ವಾ ಅಣ್ಣಾ?"

"ಮೆಲ್ಲಗೆ ಮಾತಾಡು ಮಾರಾಯಾ, ಬೀದಿಗೆಲ್ಲ ಕೇಳಿಸುತ್ತೆ."

"ಮೆಲ್ಲಗೆ ಅಂದ್ರೆ ನಿನಗೆ ಕೇಳಿಸಬೇಕಲ್ಲ!"

ಅದಕ್ಕೆ ಅವನು ನಕ್ಕ. ಆ ಬೇಸಿಗೆಯಿಂದೀಚೆ ಅವನು ನಕ್ಕಿದ್ದು ನಾನು ನೋಡಿರಲಿಲ್ಲ. ಬಾಯಿ ನೋಡಿ ಅರ್ಧ, ಊಹಿಸಿ ಅರ್ಧ ದಿನ ತಳ್ಳುತ್ತಿದ್ದನಂತೆ. ಅಂಗಡಿಯ ಹಿಂದೆಯೇ ಒಂದು ಕೋಣೆ, ಒಂದು ಮಂಚ, ಒಂದು ತಟ್ಟೆ. ಅಲ್ಲಿ ಕೇಳಿಸಿಕೊಳ್ಳುವಂಥದ್ದು ಏನೂ ಇರಲಿಲ್ಲ.

"ಹೇಳಿಬಿಡು ಜನಕ್ಕೆ" ಎಂದೆ.

"ಎಲ್ಲರಿಗೂ ಗೊತ್ತಾಗಿಬಿಡುತ್ತಲ್ಲೋ."

"ಗೊತ್ತಾಗ್ಲಿ ಅಂತಲೇ ಅಲ್ವಾ ಬೋರ್ಡ್ ಬರೆಸೋದು?"

ಅವನು ಟ್ಯೂಬಿಗೆ ಗುರುತು ಹಾಕುವ ಸೀಮೆಸುಣ್ಣ ತೆಗೆದುಕೊಂಡು ನೆಲದ ಮೇಲೆ ಒಂದು ಚಕ್ರ ಬರೆದ. ಕಡ್ಡಿಗಳ ಜಾಗದಲ್ಲಿ ಬೆನ್ನು ತೋರಿಸಿ ಕೂತ ಒಬ್ಬ ಮನುಷ್ಯ. ಚಕ್ರದ ಅಂಚಿನಿಂದ ಬಂದು ಅವನ ಭುಜದ ಮೇಲೆ ಕೂತ ಒಂದು ಕೈ. ಕೆಟ್ಟ ಚಿತ್ರ. ಆದರೆ ಅದರಲ್ಲಿ ನಾನು ತಿದ್ದಬೇಕಾದ್ದು ಕಾಣಲಿಲ್ಲ.

"ಕೈ ಗಂಡಸಿಂದಾ ಹೆಂಗಸಿಂದಾ?" ಎಂದು ಕೇಳಿದೆ.

"ಗೊತ್ತಾಗದ ಹಾಗೆ ಬರಿ" ಎಂದ.

ನೀಲಿ ಹಿನ್ನೆಲೆ, ಬಿಳಿ ಚಕ್ರ, ಕಪ್ಪು ಬೆನ್ನು, ಹಳದಿ ಕೈ. ಅಕ್ಷರ ಒಂದೂ ಬೇಡವೆಂದ. ಬೋರ್ಡ್ ಒಣಗಿದ ಮೇಲೆ ನಾನು ಏಣಿ ಹತ್ತಿ ಮೊಳೆ ಹೊಡೆಯುತ್ತಿದ್ದೆ, ಅವನು ಕೆಳಗೆ ಏಣಿ ಹಿಡಿದಿದ್ದ. ಹಾಲಿನವನು ಮೂಲೆಯ ಕಡೆ ಹೋಗುತ್ತಿದ್ದವನು ಕಾಲೂರಿ ನಿಂತ.

"ಏನ್ ಪೇಂಟರೇ, ಕಡ್ಡಿಯಣ್ಣನ್ನ ಪೊಲೀಸರು ಹಿಡ್ಕೊಂಡ್ ಹೋಗ್ತಿದಾರಾ?"

ಸುತ್ತಲಿದ್ದವರು ನಕ್ಕರು. ಕಡ್ಡಿಯಣ್ಣ ತಲೆಯೆತ್ತಿ, "ಏನಂದ?" ಎಂದ. ನಾನು ಏಣಿಯ ಮೇಲಿಂದಲೇ ಕೂಗಿ ಹೇಳಿದೆ.

ಅವನು ಬೀದಿಗೆ ತಿರುಗಿ ಹೇಳಿದ. ತನ್ನ ಸ್ವರ ತನಗೇ ಕೇಳದವರು ಮಾತಾಡುವ ಹಾಗೆ, ಬೇಕಾದ್ದಕ್ಕಿಂತ ಬಹಳ ಜೋರಾಗಿ.

"ಪೊಲೀಸ್ ಅಲ್ಲ ಕಣಯ್ಯಾ. ನನಗೆ ಕಿವಿ ಕೇಳಲ್ಲ. ನೀವು ಬೆಲ್ ಹೊಡೆದ್ರೆ ಗೊತ್ತಾಗಲ್ಲ. ಒಳಗೆ ಬಂದು ಹೀಗೆ ಮುಟ್ಟಿ."

ಹಾಲಿನವನು ಸೈಕಲ್ಲಿನಿಂದ ಇಳಿದ. ನೆಲ ನೋಡುತ್ತ, ತುಟಿ ಅಲುಗಿತೋ ಇಲ್ಲವೋ ಎಂಬಂತೆ, "ಸೊಕ್ಕು ಬಂದಿದೆ ಇವನಿಗೆ ಅಂತ ಮನೆಮನೆಗೂ ಹೇಳ್ಕೊಂಡು ಬಂದೆನಲ್ಲಾ ನಾನು" ಎಂದ.

"ಏನಂದ?" ಕಡ್ಡಿಯಣ್ಣ ಮತ್ತೆ ನನ್ನನ್ನೇ ನೋಡಿದ.

ಅದು ಬೀದಿಯಲ್ಲಿ ಕೂಗಿ ಹೇಳುವಂಥ ಮಾತಲ್ಲ.

"ಬ್ರೇಕ್ ಸಡಿಲ ಆಗಿದೆಯಂತೆ!" ಎಂದೆ.

ಅವನು ಏಣಿ ಬಿಟ್ಟು ಹೋಗಿ ಬ್ರೇಕ್ ಹಿಡಿದು ನೋಡಿದ. ಚೆನ್ನಾಗಿಯೇ ಇದ್ದಿರಬೇಕು, ಹಿಡಿದು ಬಿಟ್ಟು ಮತ್ತೆ ಹಿಡಿದ. ಆದರೂ ಒಳಗಿನಿಂದ ಸ್ಪ್ಯಾನರ್ ತಂದು ಕೂತ. ಅವನು ಎದ್ದು ಕೈ ಒರೆಸಿಕೊಳ್ಳುವವರೆಗೂ ಹಾಲಿನವನು ಹ್ಯಾಂಡಲ್ ಹಿಡಿದುಕೊಂಡು ನಿಂತೇ ಇದ್ದ.