ಇಳುಕಲಿನಲ್ಲಿ ಮುಂದೆ ನಡೆದವನು

ಭಾರದ ಯಂತ್ರ ಕೊಳ್ಳುವವರಿಗೆ ನನ್ನದೊಂದು ಬುದ್ಧಿಮಾತು: ದರ ಕೇಳುವ ಮೊದಲು, ಅದು ಇಳುಕಲಿನಲ್ಲಿ ಇಳಿಯುವಾಗ ಮಾಡಿದವನು ಎಲ್ಲಿ ನಿಲ್ಲುತ್ತಾನೆ ನೋಡಿ.

ಯರಗಟ್ಟಿಯ ಕಮ್ಮಾರನೊಬ್ಬ ಗಾಡಿಗಾಲಿಗೆ ಕಬ್ಬಿಣದ ಹಳಿ ಹಾಕುವ ಕೆಲಸ ಬಿಟ್ಟು, ಎತ್ತು ಎಳೆಯುವ ಕಬ್ಬಿಣದ ರಸ್ತೆ ರೋಲರ್ ಮಾಡತೊಡಗಿದ್ದ. ಯಾರು ಹೊಗಳಿದರೂ ಅಂಗೈಯನ್ನು ಧೋತರಕ್ಕೆ ಒರೆಸಿಕೊಂಡು, “ಇಳುಕಲದಾಗ ನೋಡೂಣ್ರಿ” ಎನ್ನುತ್ತಿದ್ದ.

ನಾನಾಗ ಸವದತ್ತಿ ರಸ್ತೆಯ ಗುತ್ತಿಗೆದಾರ. ಅವನ ಮೊದಲ ರೋಲರಿಗೆ ಚೌಕಾಸಿ ಮುಗಿಸಿದ್ದೆ. ಆದರೂ ಅವನು ಅದನ್ನು ದಿಬ್ಬ ಹತ್ತಿಸಿ, ಹಿಂದಿನ ಬ್ರೇಕಿನ ಹಿಡಿಕೆಯನ್ನು ನನ್ನ ಕೈಗಿಟ್ಟ. ತಾನು ಎತ್ತುಗಳ ಹಗ್ಗ ಹಿಡಿದು ಅವುಗಳ ಹಿಂದೆ, ರೋಲರಿನ ಮುಂದೆಯೇ ನಡೆದ.

“ಬಾಜೂಕ ಸರೀರಿ!” ಎಂದು ಅವನ ಹೆಂಡತಿ ಕೂಗಿದಳು. “ನೀವು ಮಾಲಕ ಅಂತ ಅದಕ್ಕೇನ ಗೊತ್ತೈತಿ?”

“ನಾ ಸರದ್ರ, ನಾಳೆ ಇಲ್ಲಿ ನಡಿಯೂ ಎತ್ತಿನಾಂವ ಹೆಂಗ ನಂಬತಾನ?”

ಅರ್ಧ ಇಳಿಯುವಷ್ಟರಲ್ಲಿ ಬ್ರೇಕಿನ ಕಟ್ಟಿಗೆ ಹೊಗೆಯಾಡಿತು. ಮೈಭಾರವೆಲ್ಲ ಹಾಕಿ ಒತ್ತಿದರೂ ರೋಲರ್ ಜಾರುತ್ತಲೇ ಇತ್ತು. ಅವನು ತಿರುಗಿ ನೋಡಲಿಲ್ಲ. ಕೆಳಗೆ ಅದು ನಿಂತಾಗ ಅವನ ಹಿಮ್ಮಡಿಗೂ ಕಬ್ಬಿಣಕ್ಕೂ ನಡುವೆ ಗೇಣು ಜಾಗವಿತ್ತು.

ಅವನು ಬ್ರೇಕು ಮುಟ್ಟಿ ನೋಡಿ, “ಇದನ್ನ ಕೊಡಂಗಿಲ್ರಿ” ಎಂದ.

ರಸ್ತೆ ಕೆಲಸ ನಿಂತೀತೆಂಬ ಹೆದರಿಕೆಗೆ ನಾನೇ ದರ ಏರಿಸಿದೆ. “ನಿಂತತಲ್ಲೋ ತಮ್ಮಾ!”

“ನಿಮಗ ನಿಂತತ್ರಿ,” ಎಂದ ಅವನು. “ನೀವು ಹಿಂದ ಇದ್ರಿ.”