ಬಾಗಿಲಿಗೆ ಅಡ್ಡ ನಿಂತ ಪೈಪು

ನನ್ನ ಭಾವನ ಮೇಲೆ ನನಗೆ ಗೌರವವಿದೆ. ಅವರ ಅವಸರದ ಮೇಲೆ ಎಳ್ಳಷ್ಟೂ ಇಲ್ಲ. ತುರ್ಭೆಯಲ್ಲಿ ತಮ್ಮ ಹೋಟೆಲುಗಳಿಗೆ ಇಡ್ಲಿ ಹಿಟ್ಟು ಅರೆಯುವ ಶೆಡ್ ಕಟ್ಟಿಸುವಾಗ ಉಕ್ಕಿನ ಕೆಲಸದ ಉಸ್ತುವಾರಿಯನ್ನು ನನಗೇ ಒಪ್ಪಿಸಿದರು. ಮನೆಯಲ್ಲೇ ಎಂಜಿನಿಯರ್ ಇರುವಾಗ ಹೊರಗಿನವರೇಕೆ ಎಂಬುದು ಅಕ್ಕನ ವಾದ. ಹೇಳಿದಂತೆ ಕೇಳುವ ಎಂಜಿನಿಯರ್ ಎಂದು ಇಬ್ಬರೂ ತಿಳಿದಿದ್ದರು, ಪಾಪ.

ಕೆಲಸ ಮುಗಿಯುವ ಮೊದಲೇ ಭಾವ ಇಟ್ಟುಕೊಂಡ ಪ್ರವೇಶಪೂಜೆಯ ದಿನ ಕಂಬಗಳೂ ತೊಲೆಗಳೂ ನಿಂತಿದ್ದವು, ಅಷ್ಟೇ. ಗೋಡೆಯಿಲ್ಲ. ಚೌಕಟ್ಟನ್ನು ಓರೆಯಾಗಿ ಬಿಗಿಹಿಡಿಯುವ ಕಾಯಂ ಬ್ರೇಸಿಂಗ್ ಇನ್ನೂ ಬಂದಿರಲಿಲ್ಲ. ಅಲ್ಲಿಯವರೆಗೆ ಎಲ್ಲವೂ ಓರೆಯಾಗಿ ಕಟ್ಟಿದ ತಾತ್ಕಾಲಿಕ ಪೈಪುಗಳ ಬಲದ ಮೇಲೆ ನಿಂತಿತ್ತು, ಅದರಲ್ಲೊಂದು ಮುಂಬಾಗಿಲಿನ ಜಾಗಕ್ಕೇ ಅಡ್ಡ. ಭಾವನ ತಾಯಿ ಕಲಶ ಹಿಡಿದು ಮೊದಲು ಒಳಹೋಗಬೇಕಿತ್ತು. ಅವರಿಗೆ ಸೊಂಟ ಬಗ್ಗಿಸಲು ಆಗುತ್ತಿರಲಿಲ್ಲ. ಡೊಂಬಿವಲಿಯಿಂದ ಬಂದಿದ್ದ ಭಟ್ಟರು ಆಗಾಗ ಗಡಿಯಾರ ನೋಡಿಕೊಳ್ಳುತ್ತಿದ್ದರು.

"ಪೂಜೆ ಮುಗಿಯುವವರೆಗೆ ಅದನ್ನು ತೆಗ್ಸು ಮಾರಾಯ್ತಿ. ಇಷ್ಟು ದಪ್ಪ ಕಂಬ ಉಂಟಲ್ಲ, ಬೀಳ್ತದಾ?" ಎಂದರು ಭಾವ.

"ಕಾಲು ದಪ್ಪ ಇದ್ರೆ ಮಂಚ ಅಲ್ಲಾಡುದಿಲ್ವಾ ಭಾವ? ಗಾಳಿ ಪಕ್ಕದಿಂದ ತಳ್ಳುದು."

"ಹತ್ತು ನಿಮಿಷಕ್ಕೆ ಏನಾಗ್ತದೆ?"

"ಬೀಳ್ಲಿಕ್ಕೆ ಅಷ್ಟೂ ಬೇಡ."

ಫಿಟ್ಟರ್ ಆಗಲೇ ಪೈಪಿನ ಬೋಲ್ಟು ಬಿಚ್ಚಲು ಪಾನಾ ಹಿಡಿದು ಬಂದಿದ್ದ. "ಮೇಡಂ, ಖೋಲ್ ದೂಂ?" ಎಂದು ನನ್ನನ್ನು ಕೇಳುತ್ತ ಭಾವನ ಮುಖ ನೋಡಿದ. ನಾನು ಪೈಪಿನ ಬುಡಕ್ಕೇ ಹೋಗಿ ನಿಂತೆ.

"ಮುಹೂರ್ತ ತಪ್ಪಿದ್ರೆ ನೀನು ಇನ್ನು ನಮ್ಮ ಮನೆಗೆ ಬರುದು ಬೇಡ," ಎಂದರು ಭಾವ, ಎಲ್ಲರೆದುರು.

ಕೆಲಸ ಹುಡುಕುತ್ತ ಬಂದವಳಿಗೆ ಅನ್ನ ಹಾಕಿದ ಮನೆ ಅದು. ಆದರೂ ಕಾಲು ಕದಲಲಿಲ್ಲ. ಶೆಡ್ಡಿನ ಡ್ರಾಯಿಂಗ್ ಮಾಡಿದವರಿಗೆ ಫೋನ್ ಹಚ್ಚಿ, ಪೈಪಿನ ಜಾಗ ಬದಲಿಸಲು ಒಪ್ಪಿಗೆ ಪಡೆದು, ಪಕ್ಕದ ಕಂಬಗಳ ನಡುವೆ ಮೊದಲು ಹೊಸ ಪೈಪು ಕಟ್ಟಿಸಿದೆ. ಬೋಲ್ಟುಗಳನ್ನು ಒಂದೊಂದಾಗಿ ನಾನೇ ಮುಟ್ಟಿ ನೋಡಿದೆ, ತೂಗುಗುಂಡು ಬಿಟ್ಟು ಕಂಬ ನೆಟ್ಟಗಿದೆಯೇ ಪರೀಕ್ಷಿಸಿದೆ. ಆಮೇಲಷ್ಟೇ ಬಾಗಿಲಿನದ್ದನ್ನು ಬಿಚ್ಚಿಸಿದ್ದು. ಅಷ್ಟರಲ್ಲಿ ಮುಹೂರ್ತ ಮೀರಿತ್ತು. ಭಾವ ಕಾರಿನೊಳಗೆ ಕೂತು ಗಾಜು ಏರಿಸಿಕೊಂಡಿದ್ದರು.

ಭಟ್ಟರು ಮುಂದಿನ ಒಳ್ಳೆಯ ಗಳಿಗೆ ಹೇಳಿದ ಮೇಲೆ ಭಾವ ಕಾರಿನಿಂದ ಇಳಿದರು. ತಾಯಿಯ ಕೈ ಹಿಡಿದು ಹೊಸ್ತಿಲಿನ ಜಾಗದವರೆಗೆ ಬಂದವರು ಅಲ್ಲೇ ನಿಂತುಬಿಟ್ಟರು. ದಾರಿ ಖಾಲಿಯಿತ್ತು, ಭಟ್ಟರು ಒಳಗಿನಿಂದ ಕರೆಯುತ್ತಲೂ ಇದ್ದರು. ಭಾವ ನನ್ನ ಕಡೆ ತಿರುಗಿದರು.

"ಈಗ ಅಮ್ಮನನ್ನು ಕರ್ಕೊಂಡು ಹೋಗ್ಬಹುದಾ?"